ಪದರ ಮೊದಲು, ಚಿಪ್ಪು ಆಮೇಲೆ: ಕಾರೈ ಪಳೆಯುಳಿಕೆ ಸ್ತರಗಳನ್ನು ನೋಡಹೊರಡುವ ಕರಾವಳಿಯವರಿಗೆ ಒಂದು ಕೈಪಿಡಿ

ಉಡುಪಿ ಸೀಮೆಯ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಒಂದಾದರೂ ಸಾಲಿಗ್ರಾಮವಿರುತ್ತದೆ. ನೇಪಾಳದ ಗಂಡಕಿ ನದಿಯಿಂದ ಬಂದ ಆ ಕಪ್ಪು ಉರುಟು ಕಲ್ಲಿನೊಳಗಿನ ಚಕ್ರವನ್ನು ವಜ್ರಕೀಟವು ಕೊರೆದದ್ದೆಂದು ಹಿರಿಯರು ಹೇಳುತ್ತಾರೆ. ಭೂವಿಜ್ಞಾನದ ಲೆಕ್ಕದಲ್ಲಿ ಅದು ಅಮ್ಮೊನೈಟ್ ಎಂಬ, ಈಗ ವಂಶವೇ ಅಳಿದುಹೋಗಿರುವ ಕಡಲಪ್ರಾಣಿಯ ಚಿಪ್ಪಿನ ಅಚ್ಚು. ಎರಡೂ ವಿವರಣೆಗಳು ಕಲ್ಲಿನೊಳಗೆ ಒಂದು ಜೀವವನ್ನು ಕಾಣುತ್ತವೆ ಎಂಬುದು ನನಗೆ ಮೆಚ್ಚುಗೆಯಾದ ಸಂಗತಿ. ಇಂತಹ ಅಮ್ಮೊನೈಟ್‌ಗಳನ್ನು ಅವು ಹೂತುಹೋದ ಕೆಸರಿನಲ್ಲಿಯೇ ನೋಡಬೇಕೆನ್ನುವವರು ಹಿಮಾಲಯದವರೆಗೆ ಹೋಗಬೇಕಾಗಿಲ್ಲ. ಮಂಗಳೂರಿನಿಂದ ಒಂದು ದಿನದ ರೈಲು ಪ್ರಯಾಣದ ದೂರದಲ್ಲಿ, ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕಾರೈ ಎಂಬ ಹಳ್ಳಿಯ ಸುತ್ತ, ಸುಮಾರು 11 ಕೋಟಿ ವರ್ಷಗಳಿಂದ 9 ಕೋಟಿ ವರ್ಷಗಳ ಹಿಂದಿನವರೆಗೆ ಕಡಲತಳದಲ್ಲಿ ಕೂತ ಜೇಡಿಯ ಪದರಗಳು ಬಿಸಿಲಿಗೆ ಮೈಯೊಡ್ಡಿಕೊಂಡು ಬಿದ್ದಿವೆ. ಆ ಜಾಗಕ್ಕೆ ಹೇಗೆ ಸಿದ್ಧರಾಗಿ ಹೋಗಬೇಕು, ಅಲ್ಲಿ ಏನನ್ನು, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಕ್ರಮ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ನಾನು ಮೊದಲ ಸಲ ಹೋದಾಗ ಎರಡು ಗಂಟೆಯೊಳಗೆ ಒಂದು ಕೊರಕಲಿನ ತಳದಿಂದ ಇಪ್ಪತ್ತಕ್ಕೂ ಹೆಚ್ಚು ಬೆಲೆಮ್ನೈಟ್ ಎಂಬ ಕಡಲಪ್ರಾಣಿಯ ಕಲ್ಲಾದ ತುಂಡುಗಳನ್ನು ಹೆಕ್ಕಿ, ಕರವಸ್ತ್ರದ ಮೇಲೆ ಸಾಲಾಗಿ ಜೋಡಿಸಿ, ಜೊತೆಗೆ ಬಂದಿದ್ದ ಭೂವಿಜ್ಞಾನದ ಅಧ್ಯಾಪಕರಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ಇವು ಯಾವ ಪದರದವು? ನನ್ನ ಬಳಿ ಉತ್ತರವಿರಲಿಲ್ಲ. ಮಳೆನೀರು ಮೇಲಿನ ಹತ್ತಾರು ಪದರಗಳಿಂದ ತೊಳೆದು ತಂದು ಒಂದೇ ಕಡೆ ಗುಡ್ಡೆ ಹಾಕಿದ್ದನ್ನು ನಾನು ಬಾಚಿಕೊಂಡಿದ್ದೆ. ಎಲ್ಲವನ್ನೂ ಅಲ್ಲಿಯೇ ಸುರಿದು, ಮಧ್ಯಾಹ್ನದಿಂದ ಹೊಸದಾಗಿ ಆರಂಭಿಸಿದೆ. ಆ ಮಧ್ಯಾಹ್ನ ಕಲಿತದ್ದೇ ಈ ಬರಹದ ತಿರುಳು.

ಹೊರಡುವ ಮುನ್ನ, ಮನೆಯ ಹತ್ತಿರವೇ

ಕಣ್ಣನ್ನು ಪಳಗಿಸುವ ಕೆಲಸವನ್ನು ಊರಿನಲ್ಲಿಯೇ ಮಾಡಿ ಮುಗಿಸಬಹುದು, ಮುಗಿಸಬೇಕು. ನಮ್ಮ ಕಾಲಡಿಯ ಕಲ್ಲುಗಳಲ್ಲಿ ಪಳೆಯುಳಿಕೆ ಏಕಿಲ್ಲ ಎಂದು ಅರಿತವರಿಗೆ ಅಲ್ಲಿ ಏಕಿದೆ ಎಂಬುದು ಬೇಗ ಹೊಳೆಯುತ್ತದೆ. ಕಾರ್ಕಳದಲ್ಲಿ 1432ರಲ್ಲಿ ನಿಂತ ಗೊಮ್ಮಟನ ಸುತ್ತಮುತ್ತ ಕಾಣುವಂತಹ ನಮ್ಮ ಗಟ್ಟಿ ಹೆಬ್ಬಂಡೆಗಳು 250 ಕೋಟಿ ವರ್ಷಗಳಿಗೂ ಹಿಂದೆ ನೆಲದಾಳದ ಕಾವಿನಲ್ಲಿ ಬೆಂದು ರೂಪುಗೊಂಡವು. ಆಗ ಭೂಮಿಯ ಮೇಲೆ ಚಿಪ್ಪು ಕಟ್ಟುವ ಪ್ರಾಣಿಯೇ ಇರಲಿಲ್ಲ, ಇದ್ದಿದ್ದರೂ ಆ ಬೇಗೆಯಲ್ಲಿ ಅದರ ಗುರುತು ಉಳಿಯುತ್ತಿರಲಿಲ್ಲ. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಕಥೆ ಬೇರೆ. ಅದು ಯಾವುದೋ ನೀರಿನ ತಳದಲ್ಲಿ ಪದರಪದರವಾಗಿ ಕೂತ ಕಲ್ಲೇ ಅಲ್ಲ. ಕೆಳಗಿರುವ ಬಂಡೆಯು ಉಷ್ಣವಲಯದ ಮಳೆ ಮತ್ತು ಸೆಕೆಯಲ್ಲಿ ಶಿಥಿಲಗೊಂಡು, ಕರಗುವುದೆಲ್ಲ ಕರಗಿ ಹೋದ ಮೇಲೆ ಉಳಿದ ಕಬ್ಬಿಣ ಮತ್ತು ಅಲ್ಯುಮಿನಿಯಮ್ ಅಂಶಗಳ ಗಟ್ಟಿ ಹೊದಿಕೆ. ಒಮ್ಮೆ ಯಾವುದಾದರೂ ಕೆಂಪುಕಲ್ಲಿನ ಕೋರೆಯ ಅಂಚಿನಲ್ಲಿ ನಿಂತು ನೋಡಿ: ಗೋಡೆಯ ಉದ್ದಕ್ಕೂ ಅಳೆದು ಇಟ್ಟಂತೆ ಅಡ್ಡಗೆರೆಗಳು ಕಾಣುತ್ತವೆ, ಮತ್ತು ಹೊಸಬರು ಅವನ್ನು ಪದರಗಳೆಂದೇ ತಿಳಿಯುತ್ತಾರೆ. ಅವು ಕಲ್ಲು ಕೊಯ್ಯುವ ಯಂತ್ರದ ಗರಗಸದ ಗುರುತುಗಳು. ಗೆರೆಯ ಮೇಲೂ ಕೆಳಗೂ ಅದೇ ತೂತು, ಅದೇ ಬಣ್ಣ, ಅದೇ ಕಣಗಳಿದ್ದರೆ ಅದು ಪದರವಲ್ಲ. ಗೆರೆ ದಾಟಿದ ಕೂಡಲೇ ಕಣದ ಗಾತ್ರವೋ, ಬಣ್ಣವೋ, ಗಟ್ಟಿತನವೋ ಬದಲಾದರೆ ಮಾತ್ರ ಪದರ. ಈ ಒಂದು ಪರೀಕ್ಷೆ ಕಾರೈಯಲ್ಲಿ ದಿನಕ್ಕೆ ನೂರು ಸಲ ಕೆಲಸಕ್ಕೆ ಬರುತ್ತದೆ.

ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಸೀಳಿದ್ದರಿಂದ ಆದವು. ಕುದಿಯುವ ಲಾವಾದಲ್ಲಿ ಚಿಪ್ಪು ಹುಡುಕುವುದು ವ್ಯರ್ಥ. ಆದರೆ ಆ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪದರ ಕೂರುವ ಬಗೆಯನ್ನು ನೋಡಲು ಮಳೆಗಾಲ ಕಳೆದ ಮೇಲೆ ಮಲ್ಪೆ, ಪಣಂಬೂರು ಅಥವಾ ಸೋಮೇಶ್ವರದ ಮರಳಿನಲ್ಲಿ ಮೊಳದಷ್ಟು ಆಳದ ಗುಂಡಿ ತೋಡಿ, ಒಂದು ಬದಿಯನ್ನು ಕತ್ತಿಯಿಂದ ಹೆರೆದಂತೆ ನಯವಾಗಿ ಸವರಬೇಕು. ಬಿಳಿಮರಳಿನ ನಡುವೆ ಬೆರಳಗಲದ, ಕೆಲವೊಮ್ಮೆ ಉಗುರಗಲದ ಕಪ್ಪು ಎಳೆಗಳು ಕಾಣುತ್ತವೆ. ಭಾರವಾದ ಖನಿಜದ ಕಣಗಳನ್ನು ಅಲೆಯು ಬೇರೆಯಾಗಿ ತೂರಿ ಇಟ್ಟದ್ದರಿಂದ ಆದ ಎಳೆಗಳವು. ಅದರ ನಡುವೆ ಮರುವಾಯಿಯ ಒಂಟಿ ಚಿಪ್ಪುಗಳಿದ್ದರೆ ಅವು ಹೇಗೆ ಮಲಗಿವೆ ಎಂದು ಗಮನಿಸಿ. ನೀರಿನ ಸೆಳೆತ ಇದ್ದಲ್ಲಿ ಬಹುಪಾಲು ಚಿಪ್ಪುಗಳು ಉಬ್ಬು ಮೇಲಾಗಿ, ಬೋರಲಾಗಿ ಬಿದ್ದಿರುತ್ತವೆ, ಏಕೆಂದರೆ ಅಂಗಾತ ಬಿದ್ದದ್ದನ್ನು ಮುಂದಿನ ಸೆಳೆತ ಮಗುಚಿಬಿಡುತ್ತದೆ. ಎರಡೂ ಹೋಳುಗಳು ಕೂಡಿಕೊಂಡೇ ಇರುವ ಮರುವಾಯಿ ಸಿಕ್ಕರೆ ಅದು ಬದುಕಿದ್ದ ಜಾಗದಲ್ಲಿಯೇ, ಅಥವಾ ಅದಕ್ಕೆ ತೀರ ಹತ್ತಿರದಲ್ಲಿಯೇ ಹೂತುಹೋಯಿತೆಂದು ಹೇಳಬಹುದು. ಕೋಟಿಗಟ್ಟಲೆ ವರ್ಷ ಹಳೆಯ ಪದರದಲ್ಲಿಯೂ ಇದೇ ತರ್ಕ ನಡೆಯುತ್ತದೆ.

ಇನ್ನೊಂದು ಪಾಠ ಮಲ್ಪೆಯ ಮೀನುಗಾರಿಕೆ ಬಂದರಿನಲ್ಲಿದೆ. ಕಪ್ಪೆ ಬೊಂಡಾಸ್, ಅಂದರೆ ಕಟಲ್‌ಫಿಶ್, ಸ್ವಚ್ಛ ಮಾಡುವವರ ಹತ್ತಿರ ಕೇಳಿ ಅದರ ಬೆನ್ನೊಳಗಿನ ಬಿಳಿ ಓಡನ್ನು ಪಡೆದುಕೊಳ್ಳಿ. ಗಂಧಿಗೆ ಅಂಗಡಿಯಲ್ಲಿ ಸಮುದ್ರಫೇನವೆಂದು ಮಾರುವುದೂ ಇದನ್ನೇ. ಅದನ್ನು ಅಡ್ಡಲಾಗಿ ಮುರಿದು ಮಸೂರದಲ್ಲಿ ನೋಡಿದರೆ ಕಾಗದಕ್ಕಿಂತ ತೆಳುವಾದ ಗೋಡೆಗಳು ಒಂದರ ಮೇಲೊಂದು ಅಟ್ಟ ಕಟ್ಟಿದಂತೆ ಕಾಣುತ್ತವೆ. ಕಾರೈಯಲ್ಲಿ ಹೇರಳವಾಗಿ ಸಿಗುವ ಬೆಲೆಮ್ನೈಟ್ ಈ ಬೊಂಡಾಸಿನ ದೂರದ ನಂಟ. ಅದರ ದೇಹದೊಳಗಿದ್ದ, ಬಂದೂಕಿನ ಗುಂಡಿನಂತೆ ತುದಿ ಚೂಪಾದ ಗಟ್ಟಿ ಭಾಗ ಮಾತ್ರ ಕಲ್ಲಾಗಿ ಉಳಿದಿದೆ. ಅಮ್ಮೊನೈಟ್ ಕೂಡ ಇದೇ ದೊಡ್ಡ ಕುಲದ್ದು, ಆದರೆ ಅದರ ಚಿಪ್ಪು ಹೊರಗಿತ್ತು.

ಯಾವಾಗ, ಏನನ್ನು ಹಿಡಿದುಕೊಂಡು

ನಮ್ಮ ಮಳೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಇಲ್ಲಿ ಆಟಿ ತಿಂಗಳಲ್ಲಿ ಜಡಿಮಳೆ ಹಿಡಿದಿರುವಾಗ ಅಲ್ಲಿ ನೆಲ ಸುಡುತ್ತಿರುತ್ತದೆ. ಅಲ್ಲಿನ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರು. ಮಳೆ ಬಂದಾಗ ಕಾರೈಯ ಜೇಡಿ ಬೆಣ್ಣೆಯಂತಾಗುತ್ತದೆ, ಕಾಲು ಊರಲಾಗುವುದಿಲ್ಲ. ಆದರೆ ಅದೇ ಮಳೆ ಕೊರಕಲುಗಳ ಮೈಯನ್ನು ತೊಳೆದು ಹೊಸ ಪಳೆಯುಳಿಕೆಗಳನ್ನು ಹೊರತೆಗೆಯುತ್ತದೆ. ಆದ್ದರಿಂದ ಉಡುಪಿಯ ಸಪ್ತೋತ್ಸವ ಮುಗಿದ ಮೇಲೆ, ಜನವರಿಯ ಉತ್ತರಾರ್ಧದಿಂದ ಫೆಬ್ರವರಿಯ ಕೊನೆಯವರೆಗೆ ಹೋಗುವುದು ಎಲ್ಲಕ್ಕಿಂತ ಲೇಸು. ಮರವೆಂಬುದೇ ಅಪರೂಪವಾದ ಆ ಬೋಳು ದಿಬ್ಬಗಳಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನವನ್ನು ಕಳೆಯಲು ನಾನು ಯಾರಿಗೂ ಹೇಳಲಾರೆ.

ಮಂಗಳೂರು ಸೆಂಟ್ರಲ್‌ನಿಂದ ತಿರುಚಿರಾಪಳ್ಳಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಪೆರಂಬಲೂರಿನ ಹೆದ್ದಾರಿ ಹಿಡಿದು, ಪಾಡಾಲೂರಿನ ಬಳಿ ಹೆದ್ದಾರಿ ಬಿಟ್ಟು ಪೂರ್ವಕ್ಕೆ ತಿರುಗಬೇಕು. ದಿಬ್ಬಗಳವರೆಗೆ ಬಸ್ಸು ನೆಚ್ಚಿಕೊಳ್ಳುವುದಕ್ಕಿಂತ ಬಾಡಿಗೆ ಕಾರು ಒಳ್ಳೆಯದು, ಏಕೆಂದರೆ ಕುಡಿಯುವ ನೀರನ್ನು ನೀವೇ ಹೊತ್ತೊಯ್ಯಬೇಕು.

ಸಲಕರಣೆ ಹೆಚ್ಚೇನೂ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಅಂದರೆ ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವಂಥದ್ದು, ಗಟ್ಟಿ ರಟ್ಟಿನ ಪುಸ್ತಕ, ಪೆನ್ಸಿಲ್, ಅಳತೆಪಟ್ಟಿ, ಹನಿಹನಿಯಾಗಿ ಬೀಳುವ ಸಣ್ಣ ಸೀಸೆಯಲ್ಲಿ ಅಡುಗೆಮನೆಯ ವಿನೆಗರ್, ದಿಕ್ಕು ಮತ್ತು ಸ್ಥಳ ತೋರಿಸುವ ಫೋನ್, ಅಗಲ ಅಂಚಿನ ಟೋಪಿ, ಹಿಡಿತವುಳ್ಳ ಶೂ ಇದ್ದರೆ ಸಾಕು. ಸುತ್ತಿಗೆಯನ್ನು ಮನೆಯಲ್ಲಿಯೇ ಬಿಡಿ. ಜೇಡಿಯಲ್ಲಿ ಅದಕ್ಕೆ ಕೆಲಸವಿಲ್ಲ, ಮತ್ತು ಸುತ್ತಿಗೆ ಹಿಡಿದವನನ್ನು ಹಳ್ಳಿಯವರು ಸಂಶಯದಿಂದ ನೋಡುವುದು ನ್ಯಾಯವೇ ಆಗಿದೆ. ಅಲ್ಲಿನ ಪಳೆಯುಳಿಕೆಗಳನ್ನು ಮೂಟೆಗಟ್ಟಿ ಒಯ್ದವರ ಕಥೆ ಅಲ್ಲಿ ಹೊಸದಲ್ಲ. ಹಳ್ಳಿಯಲ್ಲಿ ಮೊದಲು ಕೇಳಿ, ಫಲಕಗಳಿದ್ದರೆ ಓದಿ, ಸುತ್ತಲಿನ ಸುಣ್ಣಕಲ್ಲಿನ ಗಣಿಗಳೊಳಗೆ ಅಪ್ಪಣೆಯಿಲ್ಲದೆ ಕಾಲಿಡಬೇಡಿ, ಮತ್ತು ತರುವುದು ಚಿತ್ರ ಹಾಗೂ ಟಿಪ್ಪಣಿ ಮಾತ್ರ ಎಂದು ರೈಲು ಹತ್ತುವಾಗಲೇ ನಿಶ್ಚಯಿಸಿಕೊಳ್ಳಿ.

ದಿಬ್ಬದ ಮೇಲೆ

ತಲುಪಿದ ಕೂಡಲೇ ತಲೆ ಬಗ್ಗಿಸಬಾರದು. ಮೊದಲ ಅರ್ಧ ಗಂಟೆ ಎತ್ತರದ ಜಾಗವೊಂದರಲ್ಲಿ ನಿಂತು ದೂರ ನೋಡುವುದಕ್ಕೆ ಮೀಸಲಾಗಿರಲಿ. ಈ ಸೀಮೆಯ ಪದರಗಳು ಒಟ್ಟಿನಲ್ಲಿ ಪೂರ್ವ ಮತ್ತು ಆಗ್ನೇಯದ ಕಡೆಗೆ ಮೆಲ್ಲಗೆ ವಾಲಿವೆ. ಜಾರಿದ ಪುಸ್ತಕದ ರಾಶಿಯಂತೆ, ಪಶ್ಚಿಮದಲ್ಲಿ ಹಳೆಯ ಪದರಗಳ ಅಂಚು ಹೊರಬಿದ್ದಿದ್ದರೆ, ಪೂರ್ವಕ್ಕೆ ಹೋದಷ್ಟೂ ಹೊಸವು ಅವುಗಳ ಮೇಲೆ ಒರಗಿರುತ್ತವೆ. ಪಶ್ಚಿಮದ ತುದಿಯಲ್ಲಿ ನಮ್ಮೂರಿನಂಥದೇ ಪುರಾತನ ಬಂಡೆ, ಅದರ ಮೇಲೆ ಉತ್ತತ್ತೂರು ಗುಂಪು (ಒಟ್ಟಾಗಿ ಎಣಿಸುವ ಪದರಗಳ ರಾಶಿಗೆ ಗುಂಪೆಂದು ಹೆಸರು), ಆಮೇಲೆ ತಿರುಚಿರಾಪಳ್ಳಿ ಗುಂಪು, ಅದಕ್ಕೂ ಪೂರ್ವಕ್ಕೆ ಅರಿಯಲೂರು ಗುಂಪು. ಕಾರೈ ಸ್ತರ ಉತ್ತತ್ತೂರು ಗುಂಪಿಗೆ ಸೇರಿದ್ದು. 1840ರ ದಶಕದಲ್ಲಿ ಕೇ ಮತ್ತು ಕನ್ಲಿಫ್ ಎಂಬ ಅಧಿಕಾರಿಗಳು ದಕ್ಷಿಣ ಭಾರತದಲ್ಲಿ ಕೂಡಿಸಿದ ಪಳೆಯುಳಿಕೆಗಳನ್ನು 1846ರಲ್ಲಿ ಪ್ರಕೃತಿವಿಜ್ಞಾನಿ ಎಡ್ವರ್ಡ್ ಫೋರ್ಬ್ಸ್ ವರ್ಣಿಸಿದರು. ಮೇಲಿನ ಮೂರು ಗುಂಪುಗಳ ವಿಂಗಡಣೆಯನ್ನು ಮಾಡಿದವರು ಭೂವಿಜ್ಞಾನಿ ಹೆನ್ರಿ ಬ್ಲಾನ್‌ಫೋರ್ಡ್. ಇಂದಿಗೂ ಆ ವಿಂಗಡಣೆಯ ಚೌಕಟ್ಟು ಬದಲಾಗಿಲ್ಲ. ಸೇಂಟ್ ಮೇರೀಸ್ ದ್ವೀಪದ 8.8 ಕೋಟಿ ವರ್ಷ ನೆನಪಿದೆಯಷ್ಟೇ? ಕಾರೈಯ ಜೇಡಿ ಅದಕ್ಕಿಂತ ಹಳೆಯದು. ಮಲ್ಪೆಯ ಕಡೆ ಲಾವಾ ಉಕ್ಕುತ್ತಿದ್ದಾಗ ಇಲ್ಲಿ ಕಾರೈಯ ಕೆಸರು ಕೂತು ಮುಗಿದು, ಅದರ ಮೇಲಿನ ತಿರುಚಿರಾಪಳ್ಳಿ ಗುಂಪಿನ ಮರಳು, ಚಿಪ್ಪು ಸೇರುತ್ತಿದ್ದವು.

ಇನ್ನು ಒಂದು ಕೊರಕಲನ್ನು ಆರಿಸಿಕೊಳ್ಳಿ, ಒಂದನ್ನೇ. ಅದರ ತಳದಿಂದ ನೆತ್ತಿಯವರೆಗೆ ಮೈಯನ್ನು ನೋಡುತ್ತಾ ಪುಸ್ತಕದಲ್ಲಿ ನೇರವಾದ ಒಂದು ಕಂಬವನ್ನು ಬರೆದು, ಪದರ ಬದಲಾದಲ್ಲೆಲ್ಲ ಗೆರೆ ಎಳೆಯುತ್ತಾ ಹೋಗಿ. ಹೆಚ್ಚಿನದು ಬೂದು, ಹಸಿರು ಛಾಯೆಯ ಜೇಡಿ; ಗಾಳಿ ನೀರು ತಾಗಿದಲ್ಲಿ ಕಂದು, ತುಕ್ಕಿನ ಬಣ್ಣ. ನಡುನಡುವೆ ಕಬ್ಬಿಣದ ಅಂಶ ಸೇರಿ ಗಟ್ಟಿಯಾದ ತೆಳುವಾದ ಮರಳಿನ ಪಟ್ಟೆಗಳು ಸೂರಿನಂತೆ ಮುಂದಕ್ಕೆ ಚಾಚಿಕೊಂಡಿರುತ್ತವೆ, ಮತ್ತು ಕೆಲವು ಮಟ್ಟಗಳಲ್ಲಿ ನೆಲ್ಲಿಕಾಯಿಯಂತಹ ಫಾಸ್ಫೇಟ್ ಉಂಡೆಗಳು ಸಿಗುತ್ತವೆ. ಜೇಡಿಯೋ, ನವುರಾದ ಹೂಳೋ ಎಂಬ ಸಂಶಯ ಬಂದರೆ ಹಳೆಯ ಭೂವಿಜ್ಞಾನಿಗಳು ಸಾಸಿವೆಯಷ್ಟನ್ನು ಮುಂದಿನ ಹಲ್ಲುಗಳ ನಡುವೆ ಕಡಿದು ನೋಡುತ್ತಿದ್ದರು: ಹೂಳು ಕರಕರ ಎನ್ನುತ್ತದೆ, ಜೇಡಿ ಎನ್ನುವುದಿಲ್ಲ. ಇದಕ್ಕೆ ಮನಸ್ಸಾಗದವರು ಎರಡು ಹನಿ ನೀರು ಹಾಕಿ ಬೆರಳುಗಳ ನಡುವೆ ಉಜ್ಜಿದರೂ ನಡೆಯುತ್ತದೆ. ಕಣ ನವುರಾದಷ್ಟೂ ಅದು ಕೂತ ನೀರು ನಿಶ್ಚಲವಾಗಿತ್ತು ಎಂದು ಬರೆದುಕೊಳ್ಳಿ. ಮರಳಿನ ಪಟ್ಟೆ ಬಂದಲ್ಲಿ ಸೆಳೆತ ಹೆಚ್ಚಿತ್ತು.

ಕಂಬ ಬರೆದು ಮುಗಿದ ಮೇಲೆಯೇ ಪಳೆಯುಳಿಕೆಯ ಸರದಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಡೆಯಬೇಕು. ಎದುರು ಬಿಸಿಲಾದರೆ ನೆಲದ ತುಂಬ ಹರಡಿರುವ ಜಿಪ್ಸಮ್ಮಿನ ಚೂರುಗಳು ಒಡೆದ ಗಾಜಿನಂತೆ ಮಿನುಗಿ ಕಣ್ಣು ಕುಕ್ಕುತ್ತವೆ. ಕೊರಕಲಿನ ತಳದಲ್ಲಿ ಒಂದು ತುಂಡು ಕಂಡರೆ ಅದನ್ನು ಎತ್ತಿಕೊಳ್ಳದೆ, ಅದು ಯಾವ ದಾರಿಯಲ್ಲಿ ಉರುಳಿ ಬಂದಿರಬಹುದೆಂದು ಮೇಲಕ್ಕೆ ನೋಡುತ್ತಾ ಹತ್ತಿ. ಅದರ ಜಾತಿಯ ತುಂಡುಗಳು ಮೇಲಕ್ಕೆ ಹೋದಂತೆ ಸಿಗುತ್ತಾ ಇರುತ್ತವೆ, ಒಂದು ಮಟ್ಟದಲ್ಲಿ ಥಟ್ಟನೆ ನಿಂತುಬಿಡುತ್ತವೆ. ನಿಂತ ಜಾಗಕ್ಕಿಂತ ಕೊಂಚ ಕೆಳಗೆ ಜೇಡಿಯನ್ನು ಕಣ್ಣಿಟ್ಟು ನೋಡಿದರೆ, ಅರ್ಧ ಹೊರಗೆ ಅರ್ಧ ಒಳಗೆ ಕಚ್ಚಿಕೊಂಡಿರುವ ಒಂದಾದರೂ ಸಿಗುವ ಸಂಭವ ಹೆಚ್ಚು. ಅದೇ ಅದರ ತವರುಪದರ. ಅಳತೆಪಟ್ಟಿ ಪಕ್ಕದಲ್ಲಿಟ್ಟು ಹತ್ತಿರದಿಂದ ಒಂದು, ಇಡೀ ಕೊರಕಲು ಕಾಣುವಂತೆ ಒಂದು ಚಿತ್ರ ತೆಗೆದು, ನಿಮ್ಮ ಕಂಬದಲ್ಲಿ ಆ ಗೆರೆಯ ಎದುರು ಗುರುತು ಹಾಕಿ.

ಕೈಗೆ ಸಿಕ್ಕಿದ್ದು ಬೆಲೆಮ್ನೈಟೋ ಬರಿಯ ಜಿಪ್ಸಮ್ ಕಡ್ಡಿಯೋ ಎಂಬ ಗೊಂದಲ ಎಲ್ಲರಿಗೂ ಆಗುತ್ತದೆ, ಏಕೆಂದರೆ ನಾರುನಾರಾದ ಜಿಪ್ಸಮ್ ಕೂಡ ಬೆರಳುದ್ದದ ತುಂಡಾಗಿ ಮುರಿದು ಬಿದ್ದಿರುತ್ತದೆ. ಮೊದಲು ಉಗುರಿನಿಂದ ಗೀಚಿ. ಜಿಪ್ಸಮ್ಮಿನ ಮೇಲೆ ಗೀರು ಬೀಳುತ್ತದೆ, ಬೆಲೆಮ್ನೈಟಿನಲ್ಲಿರುವ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ ಉಗುರಿಗೆ ಬಗ್ಗುವುದಿಲ್ಲ. ಮುರಿದ ತುದಿಯನ್ನು ಒದ್ದೆ ಮಾಡಿ ಮಸೂರದಲ್ಲಿ ನೋಡಿ: ಬೆಲೆಮ್ನೈಟಿನಲ್ಲಿ ನಡುವಿನ ಚುಕ್ಕಿಯಿಂದ ಅಂಚಿನವರೆಗೆ ಗಾಡಿಚಕ್ರದ ಅರಗಳಂತೆ ಗೆರೆಗಳು ಹರಡಿರುತ್ತವೆ, ಜೇನಿನ ಬಣ್ಣದ ಒಳ್ಳೆಯ ತುಂಡಾದರೆ ಮರದ ಕಾಂಡದಲ್ಲಿರುವಂತಹ ಉಂಗುರಗಳೂ ಕಾಣುತ್ತವೆ. ಅದೂ ಸಾಲದಿದ್ದರೆ, ತೀರ ಸಣ್ಣ ಚೂರೊಂದನ್ನು ಪುಡಿಮಾಡಿ ವಿನೆಗರ್ ಹನಿಸಿದಾಗ ಕ್ಯಾಲ್ಸೈಟಿನ ಪುಡಿಯಿಂದ ಸಣ್ಣ ಗುಳ್ಳೆಗಳೇಳುತ್ತವೆ, ಜಿಪ್ಸಮ್ ಸುಮ್ಮನಿರುತ್ತದೆ. ಇಷ್ಟು ಜಿಪ್ಸಮ್ ಎಲ್ಲಿಂದ ಬಂತೆಂದರೆ, ಇಂತಹ ಕಡಲಜೇಡಿಯೊಳಗಿನ ಪೈರೈಟ್ ಎಂಬ ಕಬ್ಬಿಣ ಮತ್ತು ಗಂಧಕದ ಖನಿಜ ಗಾಳಿ ನೀರಿಗೆ ತೆರೆದುಕೊಂಡಾಗ ಗಂಧಕದ ಆಮ್ಲ ಹುಟ್ಟಿ, ಅದು ಚಿಪ್ಪಿನ ಸುಣ್ಣದ ಅಂಶದೊಡನೆ ಸೇರಿ ಜಿಪ್ಸಮ್ ಆಗುತ್ತದೆ. ಅಂದರೆ ಆ ಮಿನುಗಿನಲ್ಲಿ ಕೆಲವು ಪಾಲು ಕರಗಿಹೋದ ಚಿಪ್ಪುಗಳ ಲೆಕ್ಕವೂ ಇರಬಹುದು.

ಅಮ್ಮೊನೈಟನ್ನು ಬಸವನಹುಳುವಿನ ಚಿಪ್ಪಿನಿಂದ ಬೇರ್ಪಡಿಸುವುದು ಇನ್ನೂ ಸುಲಭ. ಬಸವನಹುಳುವಿನ ಸುರುಳಿ ಒಂದು ಬದಿಗೆ ಗೋಪುರದಂತೆ ಎದ್ದಿರುತ್ತದೆ, ಒಳಗೆಲ್ಲ ಒಂದೇ ಕೊಳವೆ. ಸಾಮಾನ್ಯ ಅಮ್ಮೊನೈಟ್ ಗಡಿಯಾರದ ಸ್ಪ್ರಿಂಗಿನಂತೆ ಒಂದೇ ಸಮತಲದಲ್ಲಿ ಸುತ್ತಿಕೊಂಡಿರುತ್ತದೆ, ಒಳಗೆ ಅಡ್ಡಗೋಡೆಗಳಿಂದ ಕೋಣೆಗಳಾಗಿರುತ್ತವೆ. ಹೊರಚಿಪ್ಪು ಸವೆದು ಒಳಗಿನ ಅಚ್ಚು ಕಾಣುವಲ್ಲಿ ಆ ಗೋಡೆಗಳು ಚಿಪ್ಪನ್ನು ಸೇರುವ ಗೆರೆಯನ್ನು ಮಸೂರದಲ್ಲಿ ಹಿಂಬಾಲಿಸಿ: ಅದು ನೇರವಾಗಿ ಹೋಗದೆ, ಕೊತ್ತಂಬರಿ ಸೊಪ್ಪಿನ ಅಂಚಿನಂತೆ ಕವಲೊಡೆದು, ಕವಲು ಮತ್ತೆ ಕವಲೊಡೆದು ಸಾಗುತ್ತದೆ. ಈ ಗೆರೆಯ ವಿನ್ಯಾಸ ಜಾತಿಯಿಂದ ಜಾತಿಗೆ ಬೇರೆ, ಮತ್ತು ಅಮ್ಮೊನೈಟ್ ಜಾತಿಗಳು ಬೇಗಬೇಗ ಬದಲಾಗುತ್ತಿದ್ದುದರಿಂದ ಪದರದ ವಯಸ್ಸನ್ನು ನಿರ್ಧರಿಸಲು ಭೂವಿಜ್ಞಾನಿಗಳು ಮೊದಲು ಕೈಹಾಕುವುದು ಇವುಗಳಿಗೇ. ಕ್ಯಾಮೆರಾಕ್ಕಿಂತ ಪೆನ್ಸಿಲ್ ಇಲ್ಲಿ ಹೆಚ್ಚು ಕಲಿಸುತ್ತದೆ. ಒಂದು ಗೆರೆಯನ್ನಾದರೂ ಕೈಯಿಂದ ಬರೆದುಕೊಳ್ಳಿ.

ಇವೆರಡರ ಹೊರತಾಗಿ ಕಪ್ಪೆಚಿಪ್ಪುಗಳು ಸಿಗುತ್ತವೆ. ಅದೃಷ್ಟವಿದ್ದರೆ ಸೊರದ, ಅಂದರೆ ಶಾರ್ಕ್ ಮೀನಿನ, ಹೊಳೆಯುವ ಹಲ್ಲು ಸಿಗುತ್ತದೆ. ಡಾಲ್ಫಿನ್ನಿನಂತೆ ಈಜುತ್ತಿದ್ದ ಇಕ್ತಿಯೋಸಾರ್ ಎಂಬ ಕಡಲ ಸರೀಸೃಪದ ಹಲ್ಲುಗಳೂ ಕಾರೈ ಸ್ತರದಿಂದ ವರದಿಯಾಗಿವೆ. ಆದರೆ ಎರಡು ಸೋಗುಗಳ ಬಗ್ಗೆ ಎಚ್ಚರವಿರಲಿ. ಕಲ್ಲಿನ ಸೀಳಿನಲ್ಲಿ ಜರಿಗಿಡದ ಎಲೆಯಂತೆ ಕಪ್ಪಾಗಿ ಹರಡಿರುವುದು ಬಹುತೇಕ ಮ್ಯಾಂಗನೀಸ್ ಆಕ್ಸೈಡಿನ ಬೆಳವಣಿಗೆ. ನಿಜವಾದ ಎಲೆಗೆ ನಡುನರ ಇರುತ್ತದೆ, ಇದಕ್ಕೆ ಇರುವುದಿಲ್ಲ. ಆಮೆಯ ಬೆನ್ನಿನಂತೆ ಬಿರುಕು ಬಿಟ್ಟ ಗುಂಡುಕಲ್ಲು ಆಮೆಯಲ್ಲ, ಒಣಗಿ ಸೀಳಿ ಆ ಸೀಳಿನಲ್ಲಿ ಖನಿಜ ತುಂಬಿಕೊಂಡ ಮಣ್ಣಿನುಂಡೆ.

ಎರಡನೆಯ ದಿನ ಕೈಯಲ್ಲಿದ್ದರೆ ಪೂರ್ವಕ್ಕೆ ಸರಿಯಿರಿ. ಸಾತನೂರಿನಲ್ಲಿ 18 ಮೀಟರ್ ಉದ್ದದ ಕಲ್ಲಾದ ಮರದ ಕಾಂಡ ಮಲಗಿದ್ದಲ್ಲಿಯೇ ಇದೆ. 1940ರಲ್ಲಿ ಭೂವಿಜ್ಞಾನಿ ಎಂ. ಎಸ್. ಕೃಷ್ಣನ್ ಅದನ್ನು ಗುರುತಿಸಿದರು, ಈಗ ಅದು ನಮ್ಮ ಸೇಂಟ್ ಮೇರೀಸ್ ದ್ವೀಪದಂತೆಯೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಡಲಿನ ಪದರದಲ್ಲಿ ಮರ ಏಕಿದೆ ಎಂದು ಕೇಳಿಕೊಳ್ಳುವವರು ಮಳೆಗಾಲದಲ್ಲಿ ನೇತ್ರಾವತಿ ಅಳಿವೆಯ ಕಡೆಗೆ ತೇಲಿ ಹೋಗುವ ದಿಮ್ಮಿಗಳನ್ನು ನೆನಪಿಸಿಕೊಂಡರೆ ಸಾಕು.

ಅರಿಯಲೂರಿನ ಹತ್ತಿರದ ವಾರಣವಾಸಿಯಲ್ಲಿ ಪಳೆಯುಳಿಕೆಗಳ ವಸ್ತುಸಂಗ್ರಹಾಲಯವಿದೆ. ಅನೇಕರು ಅದನ್ನು ಮೊದಲು ನೋಡಿ ಆಮೇಲೆ ದಿಬ್ಬಕ್ಕೆ ಹೋಗುತ್ತಾರೆ. ನಾನು ಅದನ್ನು ಕೊನೆಗೆ ಇಡಬೇಕೆನ್ನುತ್ತೇನೆ. ಗಾಜಿನೊಳಗಿನ ತೊಳೆದಿಟ್ಟ ಅಮ್ಮೊನೈಟನ್ನು ಮೊದಲು ನೋಡಿದವರ ಕಣ್ಣು ದಿಬ್ಬದ ಮೇಲೆ ಅದೇ ಚಂದವನ್ನು ಹುಡುಕಿ, ಮುರಿದದ್ದನ್ನೂ ಸವೆದದ್ದನ್ನೂ ದಾಟಿ ಹೋಗುತ್ತದೆ. ಕೊರಕಲಿನ ಕಂಬ, ಕೈಯಿಂದ ಬರೆದ ಗೆರೆ, ಅಳತೆಪಟ್ಟಿಯಿಟ್ಟು ತೆಗೆದ ಚಿತ್ರಗಳು ಇಷ್ಟನ್ನೂ ಹಿಡಿದುಕೊಂಡು ಅಲ್ಲಿಗೆ ಹೋಗಿ, ಒಂದೊಂದನ್ನೇ ಗಾಜಿನೊಳಗಿನವುಗಳ ಜೊತೆ ಹೋಲಿಸಿ, ಹೊಂದಿದ ಹೆಸರನ್ನು ಕಂಬದಲ್ಲಿ ಅದರ ಪದರದ ಎದುರು ಪೆನ್ಸಿಲಿನಲ್ಲಿಯೇ ಬರೆಯಿರಿ. ಮುಂದಿನ ಸಲ ಹೋದಾಗ ತಿದ್ದಬೇಕಾಗುತ್ತದೆ.